ತಿಂಗಳ ಪ್ರವಚನ ಮುಗಿಯಿತು. ಆ ನೆಮ್ಮದಿ ಮನೆತನಕ ಉಳಿಯುತ್ತಾ?

ದ್ರಾಕ್ಷಿತೋಟ_ಜತ್ತ

ಗಡಿಭಾಗದ ಎಲ್ಲರಿಗೂ ಶರಣು. ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವಭಾಗ, ಸಂಖದ ಕಡೆ. ನಮ್ಮೂರ ಶಾಲೆ ಮೈದಾನದಲ್ಲಿ ಒಂದು ತಿಂಗಳು ಪ್ರವಚನ ನಡೆಯಿತು, ಮೊನ್ನೆ ಮಂಗಲವಾಯಿತು. ವಿಷಯ ಮನಸ್ಸಿನ ನೆಮ್ಮದಿ, ಬದುಕಿನ ಸುಖ. ಹೇಳಿದವರು ವಿಜಯಪುರದ ಕಡೆಯ ಸ್ವಾಮಿಗಳು, ಅಲ್ಲಿನ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ, ಅಂದರೆ ನಮ್ಮ ಸಿದ್ಧೇಶ್ವರ ಅಪ್ಪಗಳ ಪ್ರವಚನ ಕೇಳುತ್ತಲೇ ಬೆಳೆದವರು. ಅವರಿಗೆ ಹೆಸರು ಹಾಕಿಸಿಕೊಳ್ಳುವುದು ಇಷ್ಟವಿಲ್ಲ, ಅದಕ್ಕೆ ಇಲ್ಲೂ ಬರೆಯುತ್ತಿಲ್ಲ.

ಬೆಳಿಗ್ಗೆ ಆರೂವರೆ ಅಂದರೆ ಆರೂವರೆ. ಸ್ವಾಗತ ಭಾಷಣವಿಲ್ಲ, ಹಾರವಿಲ್ಲ, ಶಾಲು ಹೊದಿಸುವುದಿಲ್ಲ. ಸ್ವಾಮಿಗಳು ಬಂದು ಮಂಚದ ಮೇಲೆ ಕೂರುತ್ತಾರೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಾರೆ, ಆಮೇಲೆ ಶುರು. ಹಿಂದಿನ ಸಾಲಿನಲ್ಲಿ ಕೂಸು ಅತ್ತರೆ ಮಾತು ನಿಲ್ಲಿಸಿ ಕಾಯುತ್ತಾರೆ. ಆ ತಾಯಿಗೆ ಯಾರೂ ಹೊರಗೆ ಹೋಗು ಅನ್ನುವುದಿಲ್ಲ. ಕೂಸು ಸುಮ್ಮನಾದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಾರೆ. ಮೊದಲ ದಿನವೇ ನನಗೆ ಹಿಡಿಸಿದ್ದು ಇದು.

ಮಾಡಗ್ಯಾಳ ಕುರಿಗೆ ಹೆಸರಾದ ಸೀಮೆ ನಮ್ಮದು. ಒಂದು ದಿನ ಅದನ್ನೇ ಹಿಡಿದು ಹೇಳಿದರು. ಚಿಂತೆ ಅನ್ನೋದು ಕುರಿ ಹಿಂಡಿನ ಹಾಗೆ, ಒಂದು ನುಗ್ಗಿದ ಕಡೆ ಉಳಿದವೆಲ್ಲ ನುಗ್ಗುತ್ತವೆ. ಕುರಿಗಾರ ಎಲ್ಲದರ ಹಿಂದೆ ಓಡುವುದಿಲ್ಲ, ಮುಂದಿನದನ್ನು ಮಾತ್ರ ತಿರುಗಿಸುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ತಲೆಗೆ ಬರುವ ಮೊದಲ ಚಿಂತೆ ಯಾವುದು ಅಂತ ನೋಡಿಕೊಳ್ಳಿ. ಅದಕ್ಕೆ ಇವತ್ತು ಮಾಡುವ ಕೆಲಸ ಏನಾದರೂ ಇದೆಯಾ? ಇದ್ದರೆ ಎದ್ದು ಅದನ್ನು ಮಾಡಿ. ಇಲ್ಲದಿದ್ದರೆ ಇವತ್ತು ಇಲ್ಲ ಅಂತ ನಿಮಗೆ ನೀವೇ ಬಾಯಿಬಿಟ್ಟು ಹೇಳಿಕೊಳ್ಳಿ. ಇಷ್ಟೇ ಅಂದರು. ಕುರಿ ಕಾಯುವ ಹಿರಿಯರೊಬ್ಬರು ಮುಂದೆ ಕೂತಿದ್ದರು, ಹೌದು ಹೌದು ಅಂತ ತಲೆ ಆಡಿಸಿದರು.

ನನ್ನ ವಿಷಯ ಹೇಳುತ್ತೇನೆ. ಅಕ್ಟೋಬರ್‌ನಲ್ಲಿ ದ್ರಾಕ್ಷಿ ಬಳ್ಳಿಯ ಚಾಟಣಿ (ಕೊಂಬೆ ಕತ್ತರಿಸುವುದು) ಆದ ಮೇಲೆ ಮಳೆ ಹಿಡಿಯಿತು. ಗೊಂಚಲಿಗೆ ಡೌನಿ ರೋಗ ಬಂತು. ಔಷಧಿ ಹೊಡೆದದ್ದೇ ಹೊಡೆದದ್ದು, ಖರ್ಚು ಕೈ ಮೀರಿತು. ಪೆಂಡಾಲಿನಲ್ಲಿ ಕೂತಷ್ಟು ಹೊತ್ತು ಮನಸ್ಸು ಹಗುರ ಇರುತ್ತಿತ್ತು. ಪೆಂಡಾಲ್ ಬಿಚ್ಚಿದ ಮರುದಿನ ಸಾಲದ ಕಂತಿನ ಮೆಸೇಜ್ ಬಂತು. ಎದೆ ಮತ್ತೆ ಬಿಗಿಯಿತು.

ಇನ್ನೊಂದು ಮಾತು. ನನ್ನ ಚಿಕ್ಕಪ್ಪನ ಮಗ ಕೆಲವು ತಿಂಗಳಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಕಡಿಮೆ, ಯಾರ ಜೊತೆಗೂ ಬೆರೆಯುವುದಿಲ್ಲ. ಪ್ರವಚನ ಕೇಳಿದರೆ ಸರಿ ಹೋದಾನು ಅಂತ ಮನೆಯವರು ದಿನಾ ಕರೆತಂದರು. ತಲೆ ತಗ್ಗಿಸಿ ಕೂತಿರುತ್ತಿದ್ದ.

ಸಿದ್ಧೇಶ್ವರ ಅಪ್ಪಗಳನ್ನು ಕೇಳಿದವರು ಇಲ್ಲಿ ಬಹಳ ಜನ ಇದ್ದೀರಿ. ನಿಮಗೆ ಅದು ಉಳಿಯಿತಾ? ಉಳಿದಿದ್ದರೆ ಹೇಗೆ? ಮನಸ್ಸು ಬಿಚ್ಚಿ ಹೇಳಿ.

ಸೊಲ್ಲಾಪುರ_ಅಕ್ಕ

ಶರಣು ತಮ್ಮ. ನೀವು ಬರೆದದ್ದು ಓದಿ ಕಣ್ಣ ಮುಂದೆ ಎಲ್ಲಾ ಬಂತು. ನಾನು ಮದುವೆಯಾಗಿ ಸೊಲ್ಲಾಪುರಕ್ಕೆ ಬಂದವಳು. ತವರು ವಿಜಯಪುರ ಜಿಲ್ಲೆ. ಅಪ್ಪಗಳ ಪ್ರವಚನ ತವರೂರಿನ ಹತ್ತಿರ ನಡೆದಾಗ ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದೆ.

ಅವರು ಏನು ಹೇಳಿದರು ಅನ್ನೋದಕ್ಕಿಂತ ಹೇಗೆ ಹೇಳಿದರು ಅನ್ನೋದು ನನಗೆ ಜಾಸ್ತಿ ನೆನಪಿದೆ. ಮೆಲ್ಲಗೆ ಮಾತಾಡುತ್ತಿದ್ದರು. ಒಂದು ವಾಕ್ಯ ಮುಗಿಸಿ ಸುಮ್ಮನಾಗುತ್ತಿದ್ದರು. ಅಷ್ಟು ಸಾವಿರ ಜನ, ಒಬ್ಬರೂ ಕೆಮ್ಮುತ್ತಿರಲಿಲ್ಲ. ಆ ಸುಮ್ಮನಿರುವ ಹೊತ್ತಿನಲ್ಲಿ ಹಕ್ಕಿ ಕೂಗು ಕೇಳುತ್ತಿತ್ತು, ದೂರದಲ್ಲಿ ಪಂಪ್‌ಸೆಟ್ ಸದ್ದು ಕೇಳುತ್ತಿತ್ತು. ಮುಂದಿನ ಮಾತಿಗೆ ಅವಸರ ಇರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಸಲಕ್ಕೆ ಮಾತಾಡುವವರು. ನನಗೆ ಅದು ಹೊಸದು.

ಅಂಗಿಗೆ ಜೇಬು ಇರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ದುಡ್ಡು ಮುಟ್ಟದವರಿಗೆ ಜೇಬು ಯಾಕೆ? 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಅಂತ ಪತ್ರ ಬರೆದರು. 2023ರ ಜನವರಿ 2ರಂದು ಹೋದರು. ದೇಹವನ್ನು ಹೂಳಬೇಡಿ, ದಹನ ಮಾಡಿ, ಸ್ಮಾರಕ ಕಟ್ಟಬೇಡಿ ಅಂತ 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ಮಾತಿಗೂ ಬದುಕಿಗೂ ಅಂತರ ಇಲ್ಲದವರು ಮಾತಾಡಿದರೆ ಆ ಮಾತು ಬಹಳ ದಿನ ಒಳಗೆ ಇರುತ್ತದೆ. ನಾನು ಕಂಡುಕೊಂಡದ್ದು ಇದು.

ನನಗೆ ಉಳಿದದ್ದು ಏನು ಅಂತ ಕೇಳಿದಿರಿ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ನಾನು ಟಿ.ವಿ. ಹಾಕುವುದಿಲ್ಲ, ಫೋನ್ ಹಿಡಿಯುವುದಿಲ್ಲ. ಯಾರೂ ಮಾತಾಡಿಸುವುದಿಲ್ಲ, ಮನೆಯವರಿಗೂ ರೂಢಿಯಾಗಿದೆ. ಹಿಟ್ಟು, ಕೈ, ಹೆಂಚು. ಆ ಹೊತ್ತು ನನ್ನದು. ಅತ್ತೆಯ ಕಾಯಿಲೆ ಇತ್ತು, ಯಜಮಾನರ ಚಾದರ ಕಾರ್ಖಾನೆ ಕೆಲಸ ಹೋಯಿತು, ಎಲ್ಲಾ ಆಯಿತು. ಆ ಅರ್ಧ ಗಂಟೆ ಬಿಟ್ಟಿಲ್ಲ.

ಅಕ್ಕಲಕೋಟೆ_ಹುಡುಗ

ಅಣ್ಣಾ, ಆಡಿಯೋ ರೆಕಾರ್ಡಿಂಗ್ ಇದೆಯಾ? ಅಜ್ಜಿಗೆ ನಡೆಯಲು ಆಗುವುದಿಲ್ಲ. ಮರಾಠಿ ಪ್ರವಚನ ಇಲ್ಲಿ ಬಹಳ ಸಿಗುತ್ತವೆ, ಅಜ್ಜಿಗೆ ಕನ್ನಡವೇ ಬೇಕು.

ದ್ರಾಕ್ಷಿತೋಟ_ಜತ್ತ

ಇದೆ ತಮ್ಮ. ಊರ ಹುಡುಗರು ದಿನಾ ರೆಕಾರ್ಡ್ ಮಾಡಿದ್ದಾರೆ. ಪೆನ್‌ಡ್ರೈವ್ ತಂದರೆ ಹಾಕಿ ಕೊಡುತ್ತಾರೆ, ದುಡ್ಡು ತಗೊಳ್ಳುವುದಿಲ್ಲ. ಅಜ್ಜಿಗೆ ಮೊದಲ ವಾರದ್ದು ಕೇಳಿಸು. ಅದರಲ್ಲಿ ಗುಡ್ಡಾಪುರದ ದಾನಮ್ಮನ ಕಥೆ ಬರುತ್ತದೆ, ಅಜ್ಜಿಗೆ ಖಂಡಿತ ಸೇರುತ್ತದೆ.

ನೀರು_ಮೊದಲು

ನಾನೂ ಅದೇ ತಾಲ್ಲೂಕಿನವನು. ಯಾರಿಗೂ ನೋವು ಮಾಡಲು ಬರೆಯುತ್ತಿಲ್ಲ, ಆದರೆ ಬರೆಯದೇ ಇರಲು ಆಗುತ್ತಿಲ್ಲ.

ನಮ್ಮೂರಲ್ಲಿ ಬೇಸಿಗೆಗೆ ಟ್ಯಾಂಕರ್ ನೀರು. ದಸರಾ ಮುಗಿಯುತ್ತಿದ್ದ ಹಾಗೆ ಅರ್ಧ ಊರು ಕಬ್ಬು ಕಡಿಯಲು ಹೋಗುತ್ತದೆ, ಮಕ್ಕಳ ಶಾಲೆ ಅಲ್ಲಿಗೆ ನಿಲ್ಲುತ್ತದೆ. ಕೃಷ್ಣಾ ನದಿಯಿಂದ ಮ್ಹೈಸಾಳ ಏತ ನೀರಾವರಿಯ ನೀರು ನಮ್ಮ ಪೂರ್ವಭಾಗಕ್ಕೆ ಬರುತ್ತದೆ ಅನ್ನೋದನ್ನು ನಮ್ಮ ಅಪ್ಪನೂ ಕೇಳಿದ, ನಾನೂ ಕೇಳುತ್ತಿದ್ದೇನೆ. 2012ರಲ್ಲಿ ಇಲ್ಲಿನ ಪಂಚಾಯಿತಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಅಂತ ಠರಾವು ಮಾಡಿದವು. 2022ರ ಕೊನೆಗೆ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ನಮ್ಮ ತಾಲ್ಲೂಕಿನ ತಿಕ್ಕುಂಡಿ ಕಡೆ ಹರಿದು ಬಂದಾಗ ಜನ ಕೈ ಮುಗಿದು ನಿಂತರು. ಎರಡೂ ರಾಜ್ಯದವರು ಆಗ ನಮ್ಮ ಹೆಸರು ಹೇಳಿದರು.

ಇಂಥ ಊರಿಗೆ ಬಂದು ಮನಸ್ಸು ಶಾಂತ ಇಟ್ಟುಕೊಳ್ಳಿ ಅಂದರೆ ಯಾರಿಗೆ ಅನುಕೂಲ? ಒಂದು ದಿನ ಬಸವಣ್ಣನವರ ‘ಲೋಕದ ಡೊಂಕು’ ವಚನ ತಗೊಂಡರಂತೆ. ನಿಮ್ಮ ನಿಮ್ಮ ಮನಸ್ಸನ್ನು ನೋಡಿಕೊಳ್ಳಿ ಅಂತ ಅರ್ಥ ಹೇಳಿದರಂತೆ. ಕಾಲುವೆ ಡೊಂಕಾಗಿದ್ದರೆ ಮನಸ್ಸು ನೆಟ್ಟಗಿದ್ದು ಏನು ಬಂತು? ನೆಮ್ಮದಿ ಆದ ಮನುಷ್ಯ ಕಚೇರಿ ಮೆಟ್ಟಿಲು ಹತ್ತುವುದನ್ನು ಬಿಡುತ್ತಾನೆ. ನನಗಿರುವ ಹೆದರಿಕೆ ಇದೇ. ಸ್ವಾಮಿಗಳ ಬಗ್ಗೆ ಗೌರವ ಇದೆ. ಈ ಪ್ರಶ್ನೆಗೆ ಯಾರಾದರೂ ನೇರ ಉತ್ತರ ಕೊಡಿ.

ಪುಣೆಯವಳು

ನಾನು ಹುಟ್ಟಿದ್ದು ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ, ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಹೋದ ವರ್ಷ ಇಲ್ಲಿ ದೊಡ್ಡ ಸಭಾಂಗಣದಲ್ಲಿ ದೇಶವಿದೇಶಕ್ಕೆ ಗೊತ್ತಿರುವ ಗುರುಗಳೊಬ್ಬರ ಮಾತಿತ್ತು, ಒಳಗಿನ ಶಾಂತಿ ಬಗ್ಗೆಯೇ. ಟಿಕೆಟ್ ತಗೊಂಡು ಅಮ್ಮನನ್ನೂ ಕರೆದುಕೊಂಡು ಹೋದೆ. ಮಾತು ಚೆನ್ನಾಗಿತ್ತು. ಉಸಿರಿನ ಮೇಲೆ ಗಮನ ಇಡುವುದನ್ನು ಕಲಿಸಿದರು, ಅದು ನನಗೆ ಇವತ್ತಿಗೂ ಆಫೀಸಿನಲ್ಲಿ ಉಪಯೋಗಕ್ಕೆ ಬರುತ್ತಿದೆ. ಆದರೆ ಪೂರ್ತಿ ಇಂಗ್ಲಿಷ್. ಅಮ್ಮ ಎರಡು ಗಂಟೆ ದೀಪಗಳನ್ನು ನೋಡುತ್ತಾ ಕೂತಿದ್ದರು. ಬರುವಾಗ, ಅವರು ನಗುನಗುತ್ತಾ ಮಾತಾಡಿದರು, ಒಳ್ಳೆಯವರು ಅನ್ನಿಸಿತು, ಅಂದರು. ಅಷ್ಟೇ ಅವರಿಗೆ ಸಿಕ್ಕಿದ್ದು.

ಆಮೇಲೆ ಊರ ಜಾತ್ರೆಗೆ ಹೋದಾಗ ಅಲ್ಲಿ ಮೂರು ದಿನದ ಪ್ರವಚನ. ಅಮ್ಮ ಸ್ವಾಮಿಗಳ ಮಾತಿಗೆ ಮಾತು ಸೇರಿಸುತ್ತಿದ್ದರು. ಮನೆಗೆ ಬಂದು ನಮ್ಮ ಚಿಕ್ಕಮ್ಮನ ಜೊತೆ ಅದರ ಮೇಲೆ ವಾದ ಮಾಡಿದರು. ಇಬ್ಬರೂ ಹಟ ಹಿಡಿದರು, ಊಟಕ್ಕೆ ಕೂತ ಮೇಲೂ ಬಿಡಲಿಲ್ಲ. ಅಮ್ಮನನ್ನು ನಾನು ಹಾಗೆ ನೋಡಿ ಎಷ್ಟೋ ವರ್ಷ ಆಗಿತ್ತು.

ನಮ್ಮೂರಿನ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ದೊಡ್ಡವರು ಗಂಭೀರವಾದ ವಿಷಯವನ್ನು ಕನ್ನಡದಲ್ಲಿ ಒಟ್ಟಿಗೆ ಕೂತು ಕೇಳುವ ಜಾಗ ನಮ್ಮ ಗಡಿಯಲ್ಲಿ ಇನ್ನು ಪ್ರವಚನ ಒಂದೇ ಅಲ್ವಾ? ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ವಚನ_ಮೇಷ್ಟ್ರು

ನಾನು ನಿವೃತ್ತ ಕನ್ನಡ ಶಿಕ್ಷಕ, ಸೊಲ್ಲಾಪುರ ಜಿಲ್ಲೆ. ‘ನೀರು ಮೊದಲು’ ಅನ್ನುವ ತಮ್ಮನ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಮೊದಲು ಬಸವಣ್ಣನವರ ಮಾತು. ಆ ವಚನ ಬರೆದವರು ಮನೆಯಲ್ಲಿ ಕಣ್ಣು ಮುಚ್ಚಿ ಕೂತವರಲ್ಲ. ನಮ್ಮ ಮಂಗಳವೇಢೆಯಲ್ಲಿ ಕರಣಿಕರಾಗಿ ಲೆಕ್ಕ ಬರೆದರು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾದಾಗ ಶರಣರೆಲ್ಲ ಅದರ ಪರ ನಿಂತರು. ಅದಕ್ಕೆ ತೆತ್ತ ಬೆಲೆ ನಮಗೆಲ್ಲ ಗೊತ್ತು. ಲೋಕದ ಡೊಂಕನ್ನು ಅವರಷ್ಟು ತಿದ್ದಲು ಹೋದವರು ಯಾರು? ಹಾಗಾದರೆ ಆ ವಚನ ಯಾಕೆ ಬರೆದರು? ಬೇರೆಯವರ ಮೇಲೆ ಬೆರಳು ತೋರಿಸುತ್ತಾ ತಾನು ಹಾಗೇ ಉಳಿಯುವವರಿಗೆ ಹೇಳಿದ ಮಾತು ಅದು. ಸುಮ್ನೆ ಕೂರಿ ಅನ್ನೋದಕ್ಕೆ ಅದನ್ನು ಬಳಸಿದರೆ ತಪ್ಪು. ನಿಮ್ಮ ಸ್ವಾಮಿಗಳು ಹಾಗೆ ಬಳಸಿದರಾ ನನಗೆ ಗೊತ್ತಿಲ್ಲ, ಕೇಳಿದವರು ಹೇಳಬೇಕು.

ಇನ್ನು ನೀರು. ನೀವು ಕೇಳಿದ ಪ್ರಶ್ನೆ ಸೊಲ್ಲಾಪುರದ ಕೆರೆ ದಂಡೆಯ ಮೇಲೆ 12ನೇ ಶತಮಾನದಲ್ಲೇ ಬಂದಿತ್ತು. ಆಗ ಊರ ಹೆಸರು ಸೊನ್ನಲಿಗೆ. ಸಿದ್ಧರಾಮರು ಅಲ್ಲಿ ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು. ನೂರಾರು ಜನ ಗುದ್ದಲಿ ಹಿಡಿದು ಮಣ್ಣು ಹೊರುತ್ತಿದ್ದರು. ಬರದ ನಾಡಿಗೆ ನೀರು ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಪೂಜೆ ಯಾವುದು ಅನ್ನುವ ನಂಬಿಕೆ ಅವರದು.

ಅಲ್ಲಿಗೆ ಅಲ್ಲಮಪ್ರಭುಗಳು ಬಂದರು. ಶರಣರ ಸಂವಾದಗಳ ಗ್ರಂಥ ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ಬರುತ್ತದೆ. ಬಂದವರೇ, ಒಡ್ಡರಾಮ (ಮಣ್ಣು ಅಗೆಯುವ ರಾಮ) ಎಲ್ಲಿದ್ದಾನೆ ಅಂತ ಹಗುರವಾಗಿ ಕೇಳಿದರು. ಮಣ್ಣು ಹೊರುತ್ತಿದ್ದವರಿಗೆ ಸಿಟ್ಟು ಬಂತು, ಕಲ್ಲು ತೂರಿದರು. ಸಿದ್ಧರಾಮರೂ ಸಿಟ್ಟಿನಲ್ಲೇ ಬಂದರು. ಆ ಸಿಟ್ಟನ್ನು ಅಲ್ಲಮರು ಅವರಿಗೇ ತೋರಿಸಿಕೊಟ್ಟರು. ಇಷ್ಟು ದೊಡ್ಡ ಕೆರೆ ಕಟ್ಟಿದ ಮನುಷ್ಯ ಒಂದು ಮಾತಿಗೆ ಉರಿದುಬಿದ್ದನಲ್ಲ, ನಾನು ಕಟ್ಟಿದೆ ಅನ್ನೋದು ಒಳಗೆ ಎಷ್ಟು ಗಟ್ಟಿಯಾಗಿ ಕೂತಿದೆ? ಇದು ಅಲ್ಲಮರ ಪ್ರಶ್ನೆ. ಆಮೇಲೆ ಸಿದ್ಧರಾಮರು ಕಲ್ಯಾಣಕ್ಕೆ ಹೋದರು, ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು, ಮುಂದೆ ಶರಣರ ಅನುಭವ ಮಂಟಪದ ಶೂನ್ಯಪೀಠಕ್ಕೆ ಮೂರನೆಯ ಅಧ್ಯಕ್ಷರಾದರು.

ಈ ಕಥೆಯನ್ನು ಕೆಲವರು ಅರ್ಧ ಹೇಳುತ್ತಾರೆ. ಕೆರೆ ಕಟ್ಟುವುದು ಕೆಳಗಿನದು, ಧ್ಯಾನ ಮೇಲಿನದು ಅನ್ನುತ್ತಾರೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಹಾಗೆ ಹೇಳಲಿಲ್ಲ. ಅಲ್ಲಮರು ಕೆರೆ ಒಡೆಯಲು ಹೇಳಲಿಲ್ಲವಲ್ಲ! ಸಿದ್ಧರಾಮರು ಕಲ್ಯಾಣದಿಂದ ಮರಳಿ ಸೊನ್ನಲಿಗೆಗೇ ಬಂದರು. ಅವರ ಸಮಾಧಿ ಇರುವುದೂ ಆ ಕೆರೆಯ ನಡುವಿನ ಗುಡಿಯಲ್ಲೇ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ನಂದಿಧ್ವಜ ಹೊತ್ತು ಬರುವವರು ಕನ್ನಡದವರು, ಮರಾಠಿಯವರು, ತೆಲುಗಿನವರು. ಎಲ್ಲರೂ ಕೈಮುಗಿಯುವುದು ನೀರು ಕೊಟ್ಟ ಯೋಗಿಗೆ.

ತಮ್ಮ, ನೆಮ್ಮದಿಯಾದವನು ಕಚೇರಿ ಮೆಟ್ಟಿಲು ಹತ್ತುವುದಿಲ್ಲ ಅಂತ ನೀವು ಹೆದರುತ್ತೀರಿ. ನಾನು ನೋಡಿದ ಹೋರಾಟಗಳಲ್ಲಿ ಬೇಗ ಮೆಟ್ಟಿಲು ಇಳಿದವರು ಬರೀ ಸಿಟ್ಟಿನಿಂದ ಹತ್ತಿದವರು. ಒಂದು ಅವಮಾನವಾದರೆ ಸಾಕು, ಮನೆಗೆ ಹೋಗಿಬಿಡುತ್ತಾರೆ. ಇಲ್ಲಾ ಒಳಗೇ ಜಗಳವಾಡಿ ಎರಡು ಗುಂಪಾಗುತ್ತಾರೆ. ಹತ್ತು ವರ್ಷ ಓಡಾಡಬೇಕಾದ ಕೆಲಸಕ್ಕೆ ಮನಸ್ಸು ನೆಟ್ಟಗಿರಬೇಕು.

ನೀರು_ಮೊದಲು

ಮೇಷ್ಟ್ರೇ, ನಮಸ್ಕಾರ. ಸಿದ್ಧರಾಮರ ಜಾತ್ರೆಗೆ ಚಿಕ್ಕಂದಿನಿಂದ ಹೋಗುತ್ತೇನೆ. ಕೆರೆ ಕಟ್ಟಿದ್ದು ಗೊತ್ತಿತ್ತು, ಅಲ್ಲಮರ ಭಾಗ ಗೊತ್ತಿರಲಿಲ್ಲ. ಬರೀ ಸಿಟ್ಟಿನಿಂದ ಬಂದವರು ಬೇಗ ಹೋಗುತ್ತಾರೆ ಅನ್ನೋದು ನಿಜ, ನಮ್ಮ ಸಮಿತಿಯಲ್ಲೇ ನೋಡಿದ್ದೇನೆ.

ಒಂದು ಮಾತು ಮಾತ್ರ ಬಿಡುವುದಿಲ್ಲ. ಸಿದ್ಧರಾಮರು ಜನರನ್ನು ಸೇರಿಸಿ ಗುದ್ದಲಿ ಕೊಟ್ಟರು. ಇವತ್ತಿನ ಪ್ರವಚನ ಜನರನ್ನು ಸೇರಿಸುತ್ತದೆ, ಗುದ್ದಲಿ ಕೊಡುವುದಿಲ್ಲ. ತಿಂಗಳು ಪೂರ್ತಿ ಒಂದು ಊರು ಬೆಳಿಗ್ಗೆ ಆರೂವರೆಗೆ ಒಂದೇ ಕಡೆ ಕೂರುತ್ತದೆ ಅಂದರೆ ಎಂಥ ಶಕ್ತಿ ಅದು! ಅದನ್ನು ಮಂಗಲದ ದಿನ ಹುಗ್ಗಿ ಉಂಡು ಕಳುಹಿಸಿಬಿಡುತ್ತೇವೆ.

ವಚನ_ಮೇಷ್ಟ್ರು

ಈ ಮಾತಿಗೆ ನಾನು ಎದುರು ಹೇಳುವುದಿಲ್ಲ. ಗುದ್ದಲಿ ಸ್ವಾಮಿಗಳು ಕೊಡಬೇಕಿಲ್ಲ, ಊರವರು ತರಬೇಕು. ನೀವು ತನ್ನಿ.

ಉಮದಿ_ಕಾಕಾ

ಮೂಲ ಪ್ರಶ್ನೆ, ಉಳಿಯುತ್ತಾ ಅನ್ನೋದು. ಅದಕ್ಕೆ ಬರುತ್ತೇನೆ.

ನಮ್ಮದು ಉಮದಿ. ಇಂಚಗೇರಿ ಸಂಪ್ರದಾಯದ ಗುರು ಭಾವುಸಾಹೇಬ ಮಹಾರಾಜರ ಊರು. ನಿಂಬರಗಿ ಮಹಾರಾಜರ ಶಿಷ್ಯರು, 1843ರಲ್ಲಿ ಹುಟ್ಟಿದವರು, 1914ರಲ್ಲಿ ಇಂಚಗೇರಿಯಲ್ಲಿ ದೇಹ ಬಿಟ್ಟರು. ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಇವರ ಶಿಷ್ಯರೇ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರೊಫೆಸರ್ ಆಗಿ, ಕುಲಪತಿಯಾಗಿ, ಕೊನೆಗೆ ಬಂದು ಕೂತದ್ದು ವಿಜಯಪುರ-ಸೊಲ್ಲಾಪುರ ರೈಲು ದಾರಿಯ ನಿಂಬಾಳದಲ್ಲಿ. ಅದೇ ಗುರುಗಳ ಇನ್ನೊಬ್ಬ ಶಿಷ್ಯರು ಸೊಲ್ಲಾಪುರ ಜಿಲ್ಲೆಯ ಪಾತ್ರಿಯ ಸಿದ್ಧರಾಮೇಶ್ವರ ಮಹಾರಾಜರು. ಅವರ ಶಿಷ್ಯರು ಮುಂಬೈಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ನಿಸರ್ಗದತ್ತ ಮಹಾರಾಜರು. ಅವರ ಮಾತು ಕೇಳಲು ಪರದೇಶದವರು ಆ ಸಣ್ಣ ಮನೆಯ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಮ್ಮ ಒಣ ಸೀಮೆಯಿಂದ ಹೊರಟ ದಾರಿ ಇದು. ನಮ್ಮ ಹುಡುಗರಿಗೆ ಗೊತ್ತಿಲ್ಲವಲ್ಲ ಅಂತ ಸಂಕಟವಾಗುತ್ತದೆ, ಅದಕ್ಕೆ ಇಷ್ಟು ಬರೆದೆ.

ಈ ಸಂಪ್ರದಾಯದಲ್ಲಿ ಭಾಷಣಕ್ಕಿಂತ ನಿತ್ಯದ ನೇಮ ದೊಡ್ಡದು. ಬೆಳಿಗ್ಗೆ ಕಾಕಡ ಆರತಿ, ಸಮರ್ಥ ರಾಮದಾಸರ ದಾಸಬೋಧ ಓದು, ಸಂಜೆ ಭಜನೆ, ನಡುವೆ ನಾಮಸ್ಮರಣೆ. ಒಂದು ಪದ ಕನ್ನಡದ್ದು ಹಾಡಿದರೆ ಮುಂದಿನದು ಮರಾಠಿ ಅಭಂಗ. ಗಡಿ ಜಗಳ ಆ ಭಜನೆಯ ಒಳಗೆ ನಾನು ಕಂಡಿಲ್ಲ.

ನಮ್ಮ ತಂದೆ ಒಕ್ಕಲುತನ ಮಾಡಿದವರು. ಬೆಳೆ ಬಂದ ವರ್ಷವೂ ನಾಮಸ್ಮರಣೆಗೆ ಕೂತರು, ಬರದ ವರ್ಷವೂ ಕೂತರು. 1972ರ ಬರದಲ್ಲಿ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿ ಬಂದು, ಕೈಗೆ ಎಣ್ಣೆ ಹಚ್ಚಿಕೊಂಡು ಕೂತರು. ನಾನು ಆಗ ಹುಡುಗ. ಬೇಸರ ಆಗುವುದಿಲ್ಲವಾ ಅಂತ ಕೇಳಿದ್ದೆ. ಆಗುತ್ತದೆ, ಆದರೂ ಕೂರುತ್ತೇನೆ ಅಂದರು. ಬೇರೆ ಏನೂ ಹೇಳಲಿಲ್ಲ.

ದ್ರಾಕ್ಷಿ ತಮ್ಮ, ಪ್ರವಚನ ಕೇಳಿ ಬಂದ ಹಗುರ ಎರಡು ದಿನದ್ದು. ಅದು ಎಲ್ಲರಿಗೂ ಹಾಗೇ. ಅದು ಹೋಯಿತು ಅಂತ ಕೊರಗಬೇಡ. ಹೊತ್ತು ಗೊತ್ತು ಮಾಡಿಕೋ, ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂರು. ಕಂತಿನ ಮೆಸೇಜ್ ಬಂದ ದಿನವೂ ಕೂರು, ಆ ದಿನ ಮುಖ್ಯವಾಗಿ ಕೂರು. ಸೊಲ್ಲಾಪುರದ ತಂಗಿ ರೊಟ್ಟಿ ಬಡಿಯುತ್ತಾ ಮಾಡುತ್ತಿರುವುದೂ ಇದೇ ಕೆಲಸ.

ಮಿರಜ_ಸಿಸ್ಟರ್

ನಾನು ಮಿರಜದಲ್ಲಿ ನರ್ಸ್. ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕನ್ನಡದವರು ಬಹಳ, ಅಥಣಿ, ಜತ್ತ, ಚಿಕ್ಕೋಡಿ ಕಡೆಯವರು. ಎಲ್ಲರೂ ಪ್ರವಚನದ ಬಗ್ಗೆ ಬರೆದರು. ಚಿಕ್ಕಪ್ಪನ ಮಗನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನನಗೆ ಕಣ್ಣಿಗೆ ಬಿದ್ದದ್ದು ಅದೇ.

ಅಣ್ಣಾ, ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಇಲ್ಲ, ಯಾರ ಜೊತೆಗೂ ಮಾತಿಲ್ಲ ಅಂದರೆ ಅದು ಕಾಯಿಲೆ ಇರಬಹುದು. ಖಿನ್ನತೆಗೆ ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ. ಹೆಚ್ಚಿನವರಿಗೆ ಗುಣ ಕಾಣುತ್ತದೆ. ಔಷಧಿ ಶುರು ಮಾಡಿದ ಮೇಲೆ ಗುಣ ತಿಳಿಯಲು ಎರಡು ಮೂರು ವಾರ ಬೇಕಾಗುತ್ತದೆ, ಕೆಲವರಿಗೆ ಜಾಸ್ತಿ. ಮಧ್ಯದಲ್ಲಿ ಬಿಡಬಾರದು. ಇದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ, ನಾಲ್ಕು ದಿನ ನುಂಗಿ ಏನೂ ಆಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಅಂಥವರಿಗೆ ಪ್ರವಚನ ಕೆಲವು ಸಲ ಭಾರವಾಗುತ್ತದೆ. ಸುತ್ತ ಎಲ್ಲರೂ ಸಂತೋಷ ನಮ್ಮ ಕೈಯಲ್ಲೇ ಇದೆ ಅಂತ ತಲೆ ಆಡಿಸುತ್ತಿರುತ್ತಾರೆ. ನನಗೆ ಮಾತ್ರ ಆಗುತ್ತಿಲ್ಲ, ತಪ್ಪು ನನ್ನದೇ ಅಂತ ಅವರು ಇನ್ನೂ ಕುಗ್ಗುತ್ತಾರೆ. ತಲೆ ತಗ್ಗಿಸಿ ಕೂತಿದ್ದ ಅಂತ ಓದಿದಾಗ ನನಗೆ ಹಾಗೇ ಅನ್ನಿಸಿತು. ದಯವಿಟ್ಟು ಅವನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಏನಾದರೂ ಬಾಯಿಂದ ಬಂದಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೋಗುತ್ತದೆ ಅನ್ನೋದು ಸುಳ್ಳು. ತೋಟದ ಔಷಧಿ ಡಬ್ಬಿಗಳಿಗೆ ಬೀಗ ಹಾಕಿ ಇಡಿ. ಇದನ್ನು ಇವತ್ತೇ ಮಾಡಿ.

ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ದಿನದ 24 ಗಂಟೆ, ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ ಮಾತಾಡಬಹುದು. ಮನೆಯವರೂ ಫೋನ್ ಮಾಡಿ ಕೇಳಬಹುದು.

ಧ್ಯಾನ ಬೇಡ ಅನ್ನುತ್ತಿಲ್ಲ. ಉಸಿರನ್ನು ನಿಧಾನಕ್ಕೆ ಹೊರಗೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ, ದೇಹವೇ ಅದಕ್ಕೆ ಸಾಕ್ಷಿ. ರಾತ್ರಿ ಪಾಳಿಯಲ್ಲಿ ನಾನೂ ಮಾಡುತ್ತೇನೆ. ಚಿಕಿತ್ಸೆ ನಡೆಯಲಿ, ಅದರ ಜೊತೆಗೆ ಅದೂ ಇರಲಿ.

ಸೊಲ್ಲಾಪುರ_ಅಕ್ಕ

ತಂಗಿ, ನೀನು ಹೇಳಿದ್ದು ಬಹಳ ಮುಖ್ಯ. ಎಲ್ಲರಿಗಿಂತ ಮುಂಚೆ ಬರಬೇಕಿದ್ದ ಮಾತು.

ಅಕ್ಕಲಕೋಟೆ_ಹುಡುಗ

ಆ ನಂಬರ್ ನಮ್ಮ ಊರ ಗುಂಪಿಗೆ ಹಾಕಿದ್ದೇನೆ.

ದ್ರಾಕ್ಷಿತೋಟ_ಜತ್ತ

ಎರಡು ವಾರ ಇಲ್ಲಿಗೆ ಬರಲಾಗಲಿಲ್ಲ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ಮೊದಲು ನಮ್ಮ ತಮ್ಮನ, ಅಂದರೆ ಚಿಕ್ಕಪ್ಪನ ಮಗನ ಸುದ್ದಿ. ಸಿಸ್ಟರ್, ನೀವು ಬರೆದ ರಾತ್ರಿಯೇ ನಾನು ಮತ್ತು ಚಿಕ್ಕಪ್ಪ ಔಷಧಿ ಶೆಡ್ಡಿಗೆ ಬೀಗ ಹಾಕಿದೆವು. ಮರುದಿನ ನಾನೇ ಅವನ ಜೊತೆ ಬಾವಿ ಕಟ್ಟೆಯ ಮೇಲೆ ಕೂತು ನೇರವಾಗಿ ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೌದು, ಒಂದೆರಡು ಸಲ ಬಂದಿದೆ ಅಂದ. ನನ್ನ ಕೈಕಾಲು ತಣ್ಣಗಾಯಿತು. ಆ ವಾರವೇ ವೈದ್ಯರಿಗೆ ತೋರಿಸಿದೆವು. ಔಷಧಿ ಶುರುವಾಗಿದೆ, ನಿದ್ದೆ ಸ್ವಲ್ಪ ಬರುತ್ತಿದೆ. ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ಪ್ರವಚನಕ್ಕೆ ಬಾ ಅಂತ ಈಗ ಯಾರೂ ಒತ್ತಾಯ ಮಾಡುತ್ತಿಲ್ಲ. ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಸ್ವಾಮಿಗಳು ಪಕ್ಕದ ಊರಲ್ಲೇ ಇದ್ದರು, ಹೋಗಿ ಭೇಟಿಯಾದೆ. ‘ಲೋಕದ ಡೊಂಕು’ ವಚನದ ಬಗ್ಗೆ ಇಲ್ಲಿ ಎದ್ದ ಪ್ರಶ್ನೆಯನ್ನು ಹಾಗೇ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಈ ಹುಡುಗ ನನ್ನ ಎದುರಿಗೆ ಕೂತಿದ್ದರೆ ಆ ದಿನದ ಪ್ರವಚನ ಬೇರೆ ರೀತಿ ಆಗುತ್ತಿತ್ತು ಅಂದರು. ಮುಂದಿನ ಊರಿನಲ್ಲಿ ಒಂದು ಇಡೀ ದಿನ ಸೊನ್ನಲಿಗೆಯ ಕೆರೆಯ ಬಗ್ಗೆ ಹೇಳುತ್ತೇನೆ ಅಂದರು. ನಮ್ಮ ತಮ್ಮನ ವಿಷಯವನ್ನೂ ಹೇಳಿದೆ. ಕಾಯಿಲೆಗೆ ವೈದ್ಯರೇ ಬೇಕು, ಇದನ್ನು ನಾನು ವೇದಿಕೆ ಮೇಲಿಂದ ಬಾಯಿಬಿಟ್ಟು ಹೇಳಬೇಕು ಅಂತ ಅವರೇ ಅಂದರು. 14416 ಬರೆದುಕೊಂಡರು.

ಇನ್ನು ನನ್ನ ಸುದ್ದಿ. ಕಾಕಾ ಹೇಳಿದ ಹಾಗೆ ಹೊತ್ತು ಗೊತ್ತು ಮಾಡಿದ್ದೇನೆ. ಬೆಳಿಗ್ಗೆ ತೋಟದ ಮೂಲೆಯ ಬೇವಿನ ಮರದ ಕೆಳಗೆ. ದಿನಾ ಮನಸ್ಸು ನಿಲ್ಲುತ್ತದೆ ಅನ್ನೋಕಾಗಲ್ಲ. ಆದರೆ ಮೊದಲ ಚಿಂತೆ ಯಾವುದು ಅಂತ ನೋಡುವುದು ರೂಢಿಯಾಗುತ್ತಿದೆ. ಬಹಳ ದಿನ ಅದು ಸಾಲದ ಕಂತೇ. ಇವತ್ತು ಮಾಡುವ ಕೆಲಸ ಇದೆಯಾ ಅಂತ ಕೇಳಿಕೊಂಡೆ, ಇತ್ತು. ಬ್ಯಾಂಕಿಗೆ ಹೋಗಿ ಬೆಳೆ ಹಾನಿಯ ಕಾಗದ ತೋರಿಸಿ ಕಂತಿನ ಅವಧಿ ಬದಲಾಯಿಸಲು ಅರ್ಜಿ ಕೊಟ್ಟೆ. ಇನ್ನೂ ಉತ್ತರ ಬಂದಿಲ್ಲ. ಅರ್ಜಿ ಕೊಟ್ಟ ರಾತ್ರಿ ನಿದ್ದೆ ಬಂತು.

‘ನೀರು ಮೊದಲು’ ತಮ್ಮ, ನೀವು ಗುದ್ದಲಿ ಮಾತು ಆಡಿದಿರಿ. ಪ್ರವಚನ ಸಮಿತಿಯ ಹುಡುಗರ ಗುಂಪು ಇನ್ನೂ ಬಿಚ್ಚಿಲ್ಲ, ಮೊಬೈಲ್‌ನಲ್ಲಿ ಹಾಗೇ ಇದೆ. ಅಷ್ಟೂ ಜನರಿಗೆ ನಿಮ್ಮ ಬರಹ ಕಳುಹಿಸಿದೆ. ಪೂರ್ವಭಾಗದ ಕಾಲುವೆ ಕೆಲಸ ಎಲ್ಲಿಗೆ ಬಂತು ಅಂತ ಲಿಖಿತವಾಗಿ ಕೇಳೋಣ ಅಂತ ಅವರೇ ಹೇಳುತ್ತಿದ್ದಾರೆ. ಜತ್ತದ ತಹಸೀಲ್ ಕಚೇರಿಗೆ ಯಾವತ್ತು ಹೋಗೋಣ?

ನೀರು_ಮೊದಲು

ಅಣ್ಣಾ, ಸೋಮವಾರ ಹೋಗೋಣ. ಹನ್ನೊಂದು ಗಂಟೆಗೆ ಸಾಹೇಬರು ಕೂತಿರುತ್ತಾರೆ. ಹಳೆಯ ಮನವಿಗಳ ಪ್ರತಿ, ಠರಾವಿನ ನಕಲು ಎಲ್ಲಾ ನನ್ನ ಹತ್ತಿರ ಇವೆ. ಮನವಿಯನ್ನು ಮರಾಠಿಯಲ್ಲಿ ನಾನು ಬರೆಯುತ್ತೇನೆ, ಕನ್ನಡದ್ದು ಮೇಷ್ಟ್ರು ನೋಡಿಕೊಟ್ಟರೆ ಒಳ್ಳೆಯದು. ಸಹಿ ಹಾಳೆಗೆ ಎರಡೂ ಭಾಷೆಯ ತಲೆಬರಹ ಇರಲಿ.

ವಚನ_ಮೇಷ್ಟ್ರು

ಶನಿವಾರದೊಳಗೆ ಕಳುಹಿಸಿ, ತಿದ್ದಿ ಕೊಡುತ್ತೇನೆ. ಊರುಗಳ ಹೆಸರು ಒಂದೊಂದಾಗಿ ಬರೆಯಿರಿ, ‘ಪೂರ್ವಭಾಗ’ ಅಂತ ಮಾತ್ರ ಬರೆದರೆ ಉತ್ತರ ತೇಲಿಸಿಬಿಡುತ್ತಾರೆ.

ಉಮದಿ_ಕಾಕಾ

ಉಮದಿಯಿಂದ ಒಂದು ಗಾಡಿ ಬರುತ್ತದೆ. ಬೆಳಿಗ್ಗೆ ಭಜನೆ ಮುಗಿಸಿ ಹೊರಡುತ್ತೇವೆ, ಹತ್ತೂವರೆಗೆ ಕಚೇರಿ ಮುಂದೆ ಇರುತ್ತೇವೆ. ಸಂಖದ ಕಡೆಯವರು ದಾರಿಯಲ್ಲೇ ಹತ್ತಬಹುದು, ಜಾಗ ಇದೆ.